ಹಂಪಮ್ಮನವರ ಕಡೆಯ ಗಡಿಯಾರ

ಗೆದ್ದವನಿಗೆ ಗಡಿಯಾರದ ಮೇಲೆ ಅನುಮಾನ ಬರುವುದಿಲ್ಲ. ಸೋತವನು ಮಾತ್ರ ಅದನ್ನು ಕಿವಿಯ ಹತ್ತಿರ ಹಿಡಿದು ನೋಡುತ್ತಾನೆ. ಕಂಪ್ಲಿಯ ನಮ್ಮ ಚೆಸ್ ಕ್ಲಬ್ಬಿನಲ್ಲಿ ನಾನು ಹೆಚ್ಚಾಗಿ ಗೆಲ್ಲುತ್ತಿದ್ದವನು. ಹಾಗಾಗಿ ಇಪ್ಪತ್ತು ವರ್ಷ ನಮ್ಮ ಕೀಲಿ ಗಡಿಯಾರವನ್ನು ಪೂರ್ತಿ ನಂಬಿದ್ದೆ.

ಕ್ಲಬ್ಬೆಂದರೆ ಅಕ್ಕಿ ಗಿರಣಿಯ ಆಫೀಸಿನ ಮೇಲಿನ ಒಂದು ಕೋಣೆ. ಭಾನುವಾರ ಗಿರಣಿ ನಿಂತಿರುತ್ತಿತ್ತು, ತೌಡಿನ ವಾಸನೆ ಮಾತ್ರ ರಜೆ ತೆಗೆದುಕೊಳ್ಳುತ್ತಿರಲಿಲ್ಲ. ಗಡಿಯಾರಕ್ಕೆ ಎರಡು ಮುಖ. ನಡೆ ಮುಗಿಸಿ ಗುಂಡಿ ಒತ್ತಿದರೆ ನಮ್ಮದು ನಿಂತು ಎದುರಿನವರದು ಓಡುತ್ತದೆ. ಸಮಯ ತೀರಿದವರ ಕಡೆ ಪುಟ್ಟ ಕೆಂಪು ಬಾವುಟ ಬಿದ್ದರೆ ಆಟ ಹೋದಂತೆ. ಗಣಿತದ ಮೇಷ್ಟ್ರೆಂಬ ಗೌರವಕ್ಕೆ ಕಿಟಕಿ ಪಕ್ಕದ ಕುರ್ಚಿ ನನ್ನದಾಗಿತ್ತು, ಗಡಿಯಾರದ ಎಡ ಮುಖವೂ ನನ್ನದೇ. ಆ ಗಡಿಯಾರದ ಟಿಕ್ ಟಿಕ್ ಇಲ್ಲದೆ ನನಗೆ ಇವತ್ತಿಗೂ ಕುದುರೆ ನಡೆಸಲು ಬರುವುದಿಲ್ಲ.

ಈ ವರ್ಷ ನಮ್ಮಲ್ಲೇ ಟೂರ್ನಮೆಂಟು ನಡೆಸುವುದೆಂದಾಯಿತು. ಜಿಲ್ಲಾ ಚೆಸ್ ಸಂಘದವರು ಡಿಜಿಟಲ್ ಗಡಿಯಾರವೇ ಬೇಕು ಎಂದರು. ಕಾರ್ಯದರ್ಶಿಯಾದ ನಾನು ಹಳೆಯದನ್ನೂ ಚೀಲದಲ್ಲಿಟ್ಟುಕೊಂಡು ಹೊಸಪೇಟೆಗೆ ಹೋದೆ. ಅಂಗಡಿಯವರು ಮೂರು ಬಗೆ ತೋರಿಸಿದರು. "ಇದು ಪ್ರತಿ ನಡೆಗೂ ಮೂವತ್ತು ಸೆಕೆಂಡ್ ಕೂಡಸ್ತೈತ್ರಿ ಸರ" ಎಂದರು. ಕೇಳದೆ ಸಮಯ ಕೊಡುವ ವಸ್ತುವನ್ನು ಮೊದಲ ಸಲ ನೋಡಿದೆ. ಅಂಕಿ ದೊಡ್ಡದಾಗಿದ್ದು, ಬ್ಯಾಟರಿ ಶೆಲ್ ಕಂಪ್ಲಿಯಲ್ಲೂ ಸಿಗುವಂಥದ್ದನ್ನು ಆರಿಸಿದೆ. ಸುಮ್ಮನೆ ಹೋಲಿಸಲು ಹಳೆಯದರ ಮುಖಗಳನ್ನೂ ಒಂದಾದ ಮೇಲೊಂದು ಓಡಿಸಿದೆವು. ಹೊಸದರಲ್ಲಿ ಹತ್ತು ನಿಮಿಷವಾದಾಗ ಎಡ ಮುಖದಲ್ಲೂ ಹತ್ತು. ಬಲ ಮುಖದಲ್ಲಿ ಹನ್ನೆರಡು.

ನನಗೆ ತಕ್ಷಣ ಮೆಟ್ರಿಯ ನರ್ಸ್ ಹಂಪಮ್ಮ ನೆನಪಾದರು. ಹದಿನೈದು ವರ್ಷದ ಹಿಂದೆ ಫೈನಲ್ಲಿನಲ್ಲಿ ಅವರು ನನ್ನೆದುರು, ಬಲ ಮುಖದ ಕಡೆ ಕೂತಿದ್ದರು. ಇನ್ನೆರಡು ನಡೆಯಲ್ಲಿ ನನ್ನ ರಾಜನ ಕಥೆ ಮುಗಿಯುತ್ತಿತ್ತು, ಅಷ್ಟರಲ್ಲಿ ಅವರ ಬಾವುಟ ಬಿತ್ತು. ಆಮೇಲೆ ಅವರು ಕ್ಲಬ್ಬಿನ ಕಡೆ ಬರಲೇ ಇಲ್ಲ. ಸೋಲನ್ನು ತಡೆದುಕೊಳ್ಳುವ ಗುಣ ಬೇಕೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಮರುದಿನವೇ ಎರಡೂ ಗಡಿಯಾರ ಹಿಡಿದು ಮೆಟ್ರಿ ಬಸ್ ಹತ್ತಿದೆ. ಹಂಪಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೊತ್ತಿತ್ರಿ ಸರ" ಎಂದರು. "ನಾಡಿ ನೋಡಾಕ ಕೈಯಾಗ ವಾಚ್ ಇತ್ತಲ್ಲ. ಅವತ್ತ ನೋಡಿದ್ದೆ."

"ಮತ್ಯಾಕ ಹೇಳಲಿಲ್ಲ?"

"ನಿಮಗ ಗೊತ್ತಿದ್ದೇ ಆ ಕುರ್ಚಿ ಹಿಡೀತೀರಿ ಅನ್ಕೊಂಡಿದ್ದೆ. ಭಾಳ ಬ್ಯಾಸರಾತು. ಅದಕ್ಕ ಬರೋದು ಬಿಟ್ಟೆ."

ಬೈದಿದ್ದರೆ ವಾದಿಸಬಹುದಿತ್ತು. "ಖರೇ ಗೊತ್ತಿರಲಿಲ್ಲವ್ವಾ, ತಪ್ಪಾತು" ಎಂದೆ. ಅವರು ಮೆಣಸಿನಕಾಯಿಯನ್ನು ಒಂದು ಬದಿಗೆ ಸರಿಸಿದರು. ಆಮೇಲೆ ಕೈ ತೊಳೆದು ಬಂದು, "ಕುಂದ್ರಿ. ಹೊಸಾದು ತಗೀರಿ, ನೋಡೂಣು" ಎಂದರು.

ಅವರ ಮೊಮ್ಮಗಳ ಬೋರ್ಡಿನ ಮೇಲೆ ಕಟ್ಟೆಯಲ್ಲೇ ಆಡಿದೆವು. ಹಂಪಮ್ಮ ಹದಿನೈದು ವರ್ಷದ ಹಿಂದಿನಂತೆಯೇ ಸೆರಗು ಸಿಕ್ಕಿಸಿಕೊಂಡು, ಆನೆಯನ್ನು ಹಗುರವಾಗಿ ತಳ್ಳುತ್ತಿದ್ದರು. ಅದನ್ನು ನೋಡುತ್ತ, ಇಂಥ ಆಟದ ಎಷ್ಟೋ ಭಾನುವಾರಗಳನ್ನು ಕಳೆದುಕೊಂಡೆನಲ್ಲ ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ನನ್ನ ರಾಜ ಮೂಲೆ ಸೇರಿದ್ದ.

"ಚೆಕ್‌ಮೇಟ್ ಆತ್ರಿ ಸರ."

ಗಡಿಯಾರ ನೋಡಿದೆ. ನನ್ನ ಕಡೆ ಇನ್ನೂ ಇಪ್ಪತ್ತೆರಡು ನಿಮಿಷ ಉಳಿದಿತ್ತು, ಅಷ್ಟನ್ನೂ ಇಟ್ಟುಕೊಂಡು ಮಾಡುವುದಕ್ಕೆ ಒಂದು ನಡೆಯೂ ಇರಲಿಲ್ಲ.