ಆಯುಧಪೂಜೆಯ ರಂಗೋಲಿ

ಇಂಪನಾ ಮನೆಯಿಂದ ಒಂದು ಹಳೇ ಮಸಾಲೆ ಡಬ್ಬಿ ತಂದಿದ್ದೇ ಭಾನುಪ್ರಕಾಶನ ಹೊಟ್ಟೆಯುರಿಗೆ ಮೂಲವಾಯಿತು. ಸಾಸಿವೆ, ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಅವಳು ಅಳತೆವಾರು ಸ್ಕ್ರೂ ತುಂಬಿದಳು. ಗೋಡೆಯ ಹಲಗೆಯ ಮೇಲೆ ಸ್ಪ್ಯಾನರು, ಸುತ್ತಿಗೆ ಎಲ್ಲದರ ಆಕಾರ ಬರೆದು, ಕೆಳಗೆ ಹೆಸರು ಬರೆದು, ಆಯಾ ಸಾಮಾನನ್ನು ಅಲ್ಲಲ್ಲೇ ನೇತುಹಾಕಿದಳು. ಕಾಲೇಜಿನ ರೋಬೋಟಿಕ್ಸ್ ತಂಡದ ಕೋಣೆ ಅಲ್ಲಿಯತನಕ ಶಿರಾ ಗೇಟಿನ ಗುಜರಿ ಅಂಗಡಿಯಂತಿತ್ತು. ಈಗ ಮದುವೆ ಹೆಣ್ಣಿನಂತೆ ಲಕಲಕಿಸತೊಡಗಿತು.

ಬಂದವರೆಲ್ಲ ಅವಳನ್ನು ಹೊಗಳುವವರೇ. ಭಾನುವಿನ ಗೆಳೆಯ ತಿಮ್ಮರಾಜುವಂತೂ ದಿನಾ ಒಂದು ಸ್ಕ್ರೂ ಎತ್ತಿ, ಮತ್ತೆ ಅಲ್ಲೇ ಇಟ್ಟು, "ಏನ್ ಅಚ್ಚುಕಟ್ಟು ನೋಡ್ಲಾ" ಅನ್ನುತ್ತಿದ್ದ. ಎರಡು ವರ್ಷ ಅದೇ ಕೋಣೆಯಲ್ಲಿ ಬೆವರು ಸುರಿಸಿದ ಭಾನುವಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಆ ಗುಜರಿಯಲ್ಲಿ ಮುಕ್ಕಾಲು ಪಾಲು ಅವನದೇ ಎಂಬುದು ಬೇರೆ ಸಂಗತಿ.

ಆಯುಧಪೂಜೆಯ ದಿನ ಕೋಣೆಯನ್ನೂ ರೋಬೋ ಓಟವನ್ನೂ ನೋಡಿ ಕ್ಯಾಪ್ಟನ್ ಯಾರೆಂದು ಹೇಳುತ್ತೇನೆ ಎಂದು ತಂಡದ ಉಸ್ತುವಾರಿಯ ಮೇಷ್ಟ್ರು ವೀರಭದ್ರಯ್ಯ ಸಾರ್ ಸಾರಿದ್ದರು. ರೋಬೋಗೆ ಪ್ರೋಗ್ರಾಂ ಬರೆದವಳೂ ಇಂಪನಾಳೇ. ಕಡಪ ಕಲ್ಲಿನ ಕಪ್ಪು ನೆಲದ ಮೇಲೆ ಬಿಳಿ ಟೇಪು ಅಂಟಿಸಿದರೆ, ಅದು ಆ ಗೆರೆ ಹಿಡಿದು ಸಾಧು ಎತ್ತಿನಂತೆ ಸಾಗುತ್ತಿತ್ತು. ಹಾಗಾದರೆ ಪೂಜೆಯ ನೆಪದಲ್ಲಿ ಆ ಟೇಪಿಗೆ ಒಂದು ರಂಗೋಲಿ ತಗುಲಿಸಿಬಿಟ್ಟರೆ, ಎಂದು ಭಾನು ಲೆಕ್ಕ ಹಾಕಿದ. ರೋಬೋ ದಾರಿ ತಪ್ಪುತ್ತದೆ, ಅವಳ ಮಾನ ಹೋಗುತ್ತದೆ. ಹಬ್ಬದ ದಿನ ರಂಗೋಲಿ ಅಳಿಸು ಎನ್ನುವ ಧೈರ್ಯವಂತೂ ಯಾರಿಗೂ ಇರದು.

ಹಬ್ಬದ ಬೆಳಿಗ್ಗೆ ನಿಟ್ಟೂರಿನ ಮನೆಯಲ್ಲಿ ಅವನು ರಂಗೋಲಿ ಡಬ್ಬಿಯನ್ನು ಬ್ಯಾಗಿಗೆ ತುರುಕುವುದು ತಾಯಿ ಗಂಗಲಕ್ಷ್ಮಮ್ಮನ ಕಣ್ಣಿಗೆ ಬಿತ್ತು.

"ಏನ್ಲಾ, ಇಂಜಿನಿಯರಿಂಗ್‌ನಲ್ಲಿ ರಂಗೋಲಿನೂ ಕಲಿಸ್ತಾರಾ?"

"ಪ್ರಾಕ್ಟಿಕಲ್ ಕಣಮ್ಮ," ಎಂದವನೇ ರೈಲು ಹತ್ತಿದ.

ಎಲ್ಲರಿಗಿಂತ ಮೊದಲೇ ಕೋಣೆ ಸೇರಿ, ಕಸ ಗುಡಿಸಿ, ನಡುವೆ ಮಣೆ ಹಾಕಿ ದೇವರ ಪಟ ಇಟ್ಟ. ಚುಕ್ಕಿ ಇಟ್ಟು ಎಳೆಯುವುದು ಅವನಿಗೆ ಬರುತ್ತಿರಲಿಲ್ಲ. ಮಣೆಯ ಸುತ್ತ ಒಂದೇ ಒಂದು ದೊಡ್ಡ ಸುತ್ತು ಎಳೆದು, ಅದರ ಬಾಲವನ್ನು ಟೇಪಿಗೆ ಕೂಡಿಸಿದ. ಆಮೇಲೆ ಬಂದ ಇಂಪನಾ ಅದನ್ನು ನೋಡಿ, ಚೆನ್ನಾಗಿದೆ ಎಂದು ಮನಸಾರೆ ಹೇಳಿದಳು. ಅವನ ಹೊಟ್ಟೆಯುರಿಗೆ ಇನ್ನೊಂದು ಸೌದೆ ಬಿದ್ದಂತಾಯಿತು.

ಮಂಗಳಾರತಿ ಆಯಿತು. ಸಾರ್ ಸನ್ನೆ ಮಾಡಿದರು. ರೋಬೋ ಟೇಪು ಹಿಡಿದು ಹೊರಟಿತು, ರಂಗೋಲಿ ಸೇರುವಲ್ಲಿ ಒಂದು ಕ್ಷಣ ಅನುಮಾನಿಸಿತು, ಆಮೇಲೆ ಸರಕ್ಕನೆ ಅತ್ತ ತಿರುಗಿತು. ಇಂಪನಾಳ ಮುಖ ಬಿಳಿಚಿತು. ಭಾನು ನಗುವನ್ನು ಕೆಮ್ಮಾಗಿಸಿದ.

ರೋಬೋ ಮಣೆಯ ಸುತ್ತ ಒಂದು ಸುತ್ತು ಬಂತು. ಇನ್ನೊಂದು ಬಂತು. ಮೂರನೆಯದು ಮುಗಿಯುವಷ್ಟರಲ್ಲಿ ಬ್ಯಾಟರಿ ಸೋತು, ಪಟದ ಎದುರಿಗೇ ತೆಪ್ಪಗೆ ನಿಂತಿತು.

ಸಾರ್ ಕೈಮುಗಿದುಕೊಂಡಿದ್ದರು. "ಪ್ರದಕ್ಷಿಣೆ ಹಾಕ್ತಲ್ಲಮ್ಮ ಇದು. ನನ್ನ ಮಗನೂ ಇಷ್ಟು ಭಕ್ತಿಯಿಂದ ಹಾಕಲ್ಲ. ಇಂಪನಾ, ನೀನೇ ಕ್ಯಾಪ್ಟನ್."

ಭಾನುವಿಗೆ ತಡೆಯಲಾಗಲಿಲ್ಲ. "ಸಾರ್, ರಂಗೋಲಿ ಹಾಕಿದ್ದು ನಾನು."

"ನೀನಾ? ಅದಕ್ಕೇ ಅಷ್ಟು ನುಣ್ಣಗೆ ತಿರುಗ್ತು. ಇನ್ಮೇಲೆ ಟೇಪು ಬೇಡ ಕಣಪ್ಪ. ಪ್ರಾಕ್ಟೀಸಿಗೆ ದಿನಾ ಬೆಳಿಗ್ಗೆ ಬಂದು ನೀನೇ ಗೆರೆ ಎಳೆದುಕೊಡು."

ಅವನು ಕೈ ತೊಳೆದು ಬರುವಷ್ಟರಲ್ಲಿ, ಇಂಪನಾ ಶೆಲ್ಫಿನ ಮೇಲೆ ರಂಗೋಲಿ ಡಬ್ಬಿಗೂ ಗುಂಡಗೆ ಒಂದು ಗುರುತು ಬರೆದು, ಡಬ್ಬಿಯನ್ನು ಅದರೊಳಗೆ ಕೂರಿಸಿದ್ದಳು. ಕೆಳಗೆ ಮುದ್ದಾದ ಅಕ್ಷರದಲ್ಲಿ ಅವನ ಹೆಸರಿತ್ತು.

ತಿಮ್ಮರಾಜು ಡಬ್ಬಿ ಎತ್ತಿ, ಮತ್ತೆ ಅಲ್ಲೇ ಇಟ್ಟ. "ಏನ್ ಅಚ್ಚುಕಟ್ಟು ನೋಡ್ಲಾ," ಎಂದ.