ಹಾಡಿನ ಗಿರಣಿಯಲ್ಲಿ ನನ್ನ ಸಮಯಪಾಲನೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ನಲವತ್ತೈದು ನಿಮಿಷದ ಪೀರಿಯಡ್ಡನ್ನು ಒಂದು ದಿನವೂ ನಲವತ್ತಾರು ಮಾಡಿದವನಲ್ಲ. ಅಂಥವನಿಗೆ ತೀರ್ಥಹಳ್ಳಿಯ ಜನ ಸಮಯ ನೋಡುವ ಕೆಲಸ ಕೊಟ್ಟು, ಆಮೇಲೆ ಸಮಯ ನೋಡಿದ್ದಕ್ಕೇ ಬೈದರೆ ಇದು ಯಾವ ನ್ಯಾಯ?

ಬಸ್ ಸ್ಟ್ಯಾಂಡಿನ ಹಿಂದಿನ ಕೇರಿಯಲ್ಲಿ ಮುಚ್ಚಿಹೋದ ಹಿಟ್ಟಿನ ಗಿರಣಿಯಿದೆ. ಅದರ ಒಡತಿ ಶಕುಂತಲಕ್ಕ, ನರ್ಸ್ ಆಗಿ ನಿವೃತ್ತರಾದವರು. ಯಂತ್ರ ತೆಗೆಸಿ, ಬೆಂಚು ಹಾಕಿಸಿ, ಒಂದು ಮೈಕು ನಿಲ್ಲಿಸಿ, ‘ಹಾಡಿನ ಗಿರಣಿ’ ಅಂತ ಬೋರ್ಡು ಬರೆಸಿದರು. ಲಾಭದ ಮಾತಿಲ್ಲ, ಟಿಕೆಟ್ಟಿಲ್ಲ. ತಿಂಗಳ ಎರಡನೇ ಶನಿವಾರ ಸಂಜೆ ಐದಕ್ಕೆ ‘ಓಪನ್ ಮೈಕ್’. ಯಾರು ಬೇಕಾದರೂ ಹೆಸರು ಬರೆಸಿ ಹಾಡಬಹುದು. ಒಬ್ಬರಿಗೆ ಆರು ನಿಮಿಷ.

ಆರು ನಿಮಿಷ ಅನ್ನುವುದು ಬೋರ್ಡಿನ ಮೇಲಿತ್ತು, ಅಷ್ಟೆ! ಪಶು ಆಸ್ಪತ್ರೆಯ ಕಾಂಪೌಂಡರ್ ನಾಗರಾಜ ಮೈಕು ಹಿಡಿದರೆ ಒಂದೊಂದು ಸಾಲನ್ನೂ ಎಂಟೆಂಟು ಸಲ ಹಾಡುತ್ತಿದ್ದ. ಹಸುವಿಗೆ ಔಷಧಿ ಕುಡಿಸಿ ಅಭ್ಯಾಸ. ಗಂಟಲೊಳಗೆ ಇಳಿಯುವವರೆಗೂ ಬಿಡುವವನಲ್ಲ. ಒಂದು ಶನಿವಾರ ಅವನ ಭಜನೆ ಇಪ್ಪತ್ತೆಂಟು ನಿಮಿಷ ಹೋಯಿತು. ನಾನು ಎದ್ದು ನಿಂತು ಶಿಸ್ತಿನ ಬಗ್ಗೆ ನಾಲ್ಕು ಮಾತಾಡಿದೆ.

“ಹಂಗಾರೆ ನೀವೇ ಟೈಮ್ ನೋಡ್ಕಳಿ ಮಾರಾಯ್ರೆ,” ಅಂದರು ಶಕುಂತಲಕ್ಕ.

ಸಭೆ ಚಪ್ಪಾಳೆ ತಟ್ಟಿತು. ನನಗೆ ಸಿಕ್ಕ ಕೊನೆಯ ಚಪ್ಪಾಳೆ ಅದು.

ಮುಂದಿನ ತಿಂಗಳು ದೇವರ ಕೋಣೆಯ ಗಂಟೆ ಹಿಡಿದು ಹೊರಟೆ. ಹೆಂಡತಿ ಜಲಜ ಬಾಗಿಲಿಗೆ ಅಡ್ಡ ನಿಂತಳು.

“ದೇವರ ಗಂಟೆ ಎಂತಕ್ರೀ?”

“ಕರ್ತವ್ಯಕ್ಕೆ!”

“ದೇವರಿಗಿಂತ ದೊಡ್ಡದಾ ಅದು?”

ಉತ್ತರ ಕೊಡುವಷ್ಟು ಸಮಯವಿರಲಿಲ್ಲ.

ಆರು ನಿಮಿಷ ಮುಗಿದ ಕ್ಷಣವೇ ನಾಗರಾಜನ ಭಜನೆಯ ನಡುವೆ ಗಂಟೆ ಬಾರಿಸಿದೆ. ಮುಂದಿನ ಸಾಲಿನ ಅಜ್ಜಿಯರು ಮಂಗಳಾರತಿ ಅಂದುಕೊಂಡು ಎದ್ದು ಕೈಮುಗಿದರು. ಇನ್ನೂ ಜೋರಾಗಿ ಬಾರಿಸಿದೆ. ಅವರು ಗಲ್ಲ ಗಲ್ಲ ಬಡಿದುಕೊಂಡರು. ನಾಗರಾಜನಿಗಂತೂ ಉತ್ಸಾಹ ಉಕ್ಕಿ, ನನ್ನ ಗಂಟೆಯ ತಾಳಕ್ಕೇ ಮತ್ತೆ ಹತ್ತು ನಿಮಿಷ ಹಾಡಿದ. “ಮೇಷ್ಟ್ರು ಗಂಟೆ ಹೊಡೀದಿದ್ರೆ ಇವತ್ತು ಇಷ್ಟು ಕಳೆ ಬರ್ತಿರ್ಲಿಲ್ಲ” ಎಂದು ಮೈಕಿನಲ್ಲೇ ಕೃತಜ್ಞತೆ ಬೇರೆ ಸಲ್ಲಿಸಿದ!

ನನ್ನ ರಕ್ತ ಕುದಿಯಿತು. ಅದರ ಮುಂದಿನ ತಿಂಗಳು ಶಾಲೆಯ ಆಟೋಟದ ದಿನಗಳ ಸೀಟಿ ಹುಡುಕಿ ತಂದೆ. ಸೀಟಿಗೆ ಯಾರೂ ಕೈಮುಗಿಯುವುದಿಲ್ಲವಷ್ಟೆ? ಸರಿಯಾಗಿ ಆರು ನಿಮಿಷಕ್ಕೆ ಊದಿದೆ. ನಾಗರಾಜ ನಿಲ್ಲಿಸಿದ! ಗೆದ್ದವನ ಹಾಗೆ ಸುತ್ತ ನೋಡಿದೆ. ಆಗ ಹೊರಗೆ ಬಸ್ಸೊಂದು ಹೊರಟ ಸದ್ದು. ಹಿಂದಿನ ಬೆಂಚಿನಿಂದ ಖಾಕಿ ಅಂಗಿಯವನೊಬ್ಬ “ಅಯ್ಯೋ, ನನ್ನ ಬಸ್ಸು!” ಎಂದು ಕೂಗುತ್ತಾ ಓಡಿದ. ಹೊಸನಗರದ ಬಸ್ಸಿನ ಕಂಡಕ್ಟರ್. ಹೊರಡಲು ಇನ್ನೂ ಹತ್ತು ನಿಮಿಷ ಇದೆಯೆಂದು ಹಾಡು ಕೇಳಲು ಬಂದು ಕೂತಿದ್ದನಂತೆ. ನನ್ನ ಸೀಟಿಯನ್ನು ಅವನ ಸೀಟಿ ಅಂದುಕೊಂಡು ಡ್ರೈವರ್ ಗಾಡಿ ಬಿಟ್ಟಿದ್ದ! ಸಂಗೀತಪ್ರೇಮಿಗಳೆಲ್ಲ ಬಸ್ಸಿನ ಹಿಂದೆ ಓಡಿದರು. ಅದು ಪೆಟ್ರೋಲ್ ಬಂಕಿನ ಹತ್ತಿರ ಸಿಕ್ಕಿತು. ಡ್ಯೂಟಿಯಲ್ಲಿ ಹಾಡು ಕೇಳಲು ಬಂದವನು ಅವನು, ಬೈಸಿಕೊಂಡವನು ನಾನು!

ಶಕುಂತಲಕ್ಕ ಸೀಟಿ ಕಿತ್ತುಕೊಂಡು, ಒತ್ತಿದರೆ ‘ಟಿಂಗ್’ ಅನ್ನುವ ಮೇಜಿನ ಗಂಟೆಯೊಂದನ್ನು ಕೊಟ್ಟರು.

“ಒಂದೇ ಸಲ ಒತ್ತಿ ಮೇಷ್ಟ್ರೇ. ಅದೂ ಸ್ವಲ್ಪ ಹಿಂದೆ ಮುಂದೆ ನೋಡಿ ಒತ್ತಿ.”

ಆರು ನಿಮಿಷಕ್ಕೆಲ್ಲಿಯ ಹಿಂದೆ, ಎಲ್ಲಿಯ ಮುಂದೆ?

ಅದಾದ ಮುಂದಿನ ತಿಂಗಳ ಶನಿವಾರ ಪಟ್ಟಿಯಲ್ಲಿ ನಾಲ್ಕನೇ ಹೆಸರು ‘ಜಲಜ’ ಅಂತಿತ್ತು. ಯಾವ ಜಲಜ ಎಂದು ತಲೆಯೆತ್ತಿದರೆ, ನನ್ನ ಹೆಂಡತಿಯೇ ಮೈಕಿನ ಮುಂದೆ! ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಹೊಸತರಲ್ಲಿ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು, ನಿಜ. “ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಲೆಕ್ಕ ತಪ್ಪುತ್ತೆ” ಎಂದು ನಾನೇ ನಿಲ್ಲಿಸಿದ್ದೆ.

ಅವಳಮ್ಮ ಗದ್ದೆಯಲ್ಲಿ ಭತ್ತದ ನಟ್ಟಿ ಮಾಡುವಾಗ ಹೇಳುತ್ತಿದ್ದ ಹಾಡಂತೆ. ತವರಿಗೆ ಹೊರಟ ಹುಡುಗಿಯ ಕತೆ. ಮೊದಲ ಸಾಲಿಗೇ ಗಿರಣಿ ತಣ್ಣಗಾಯಿತು. ನಾಗರಾಜ ಕೂಡ ಉಸಿರೆತ್ತಲಿಲ್ಲ. ನನಗೂ ಒಂದು ಕ್ಷಣ ಗಡಿಯಾರ ಮರೆತುಹೋಯಿತು. ಹುಡುಗಿ ಗುಡ್ಡ ಇಳಿದಳು, ಗದ್ದೆಯಂಚು ದಾಟಿದಳು, ತುಂಬಿದ ಹೊಳೆಯ ದಡದಲ್ಲಿ ನಿಂತು ಅಂಬಿಗನನ್ನು ಕೂಗಿದಳು. ಅಷ್ಟರಲ್ಲಿ ಆರು ನಿಮಿಷ ಆಯಿತು. ಹೆಂಡತಿಯೆಂದು ಬಿಟ್ಟರೆ ನಾಳೆ ಊರು ಏನಂದೀತು?

ಟಿಂಗ್!

ಜಲಜ ಅರ್ಧ ಸಾಲಿಗೇ ನಿಲ್ಲಿಸಿ, ಎಲ್ಲರಿಗೂ ಕೈಮುಗಿದು ಕೆಳಗಿಳಿದಳು. ನನ್ನ ನಿಷ್ಪಕ್ಷಪಾತ ಧೋರಣೆಯನ್ನು ಯಾರಾದರೂ ಮೆಚ್ಚಿಯಾರೆಂದು ಕಾದೆ.

“ಥೂ!” ಅಂದರು ಮುಂದಿನ ಸಾಲಿನ ಒಬ್ಬ ಅಜ್ಜಿ.

ಆಮೇಲೆ ಒಂದು ತಿಂಗಳು ಊರು ನನ್ನನ್ನು ನೆಮ್ಮದಿಯಿಂದ ಇರಗೊಡಲಿಲ್ಲ. ಕ್ಷೌರದಂಗಡಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: “ಮೇಷ್ಟ್ರೇ, ಆ ಹುಡುಗಿಗೆ ದೋಣಿ ಸಿಕ್ತಾ?” ನನಗೆ ಹೇಗೆ ಗೊತ್ತು! ಜಲಜಳನ್ನೇ ಕೇಳಿದೆ.

“ಆರು ನಿಮಿಷದೊಳಗೆ ಸಿಕ್ಲಿಲ್ಲ,” ಅಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮತ್ತೆ ಎರಡನೇ ಶನಿವಾರ ಬಂತು. ಶಕುಂತಲಕ್ಕ ನನ್ನನ್ನು ಕೆಲಸದಿಂದ ತೆಗೆದು ಗಂಟೆಯನ್ನು ನಾಗರಾಜನಿಗೆ ಕೊಟ್ಟರು. ಕಳ್ಳನ ಕೈಗೆ ಬೀಗದ ಕೈ! ಜಲಜ ಹಾಡನ್ನು ಮೊದಲಿನಿಂದ ಹಾಡಿದಳು. ಹದಿನಾಲ್ಕು ನಿಮಿಷ. ಯಾರೂ ಮಿಸುಕಲಿಲ್ಲ. ದೋಣಿ ಬಂತು, ಹುಡುಗಿ ಹೊಳೆ ದಾಟಿದಳು, ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕನ್ನಡಕ ಒರೆಸಿಕೊಂಡೆ.

ಅವತ್ತು ಸಾರ್ವಜನಿಕವಾಗಿ ಕ್ಷಮೆ ಕೇಳುವುದೆಂದು ನಾನು ಮೊದಲೇ ಹೆಸರು ಬರೆಸಿದ್ದೆ. ಮೂರು ಪುಟದ ಭಾಷಣವೂ ಸಿದ್ಧವಿತ್ತು. ಮೊದಲ ಪುಟದಲ್ಲಿ ಸಮಯಪಾಲನೆಯ ಮಹತ್ವ. ಎರಡನೆಯದರಲ್ಲಿ ಕಂಡಕ್ಟರ್ ಪ್ರಕರಣದಲ್ಲಿ ನನಗಾದ ಅನ್ಯಾಯ ಮತ್ತು ಅಜ್ಜಿಯ ‘ಥೂ’ಗೆ ನನ್ನ ಖಂಡನೆ. ಮೂರನೆಯ ಪುಟ ತಿರುವಿ, ಗಂಟಲು ಸರಿಮಾಡಿಕೊಂಡು, “ಆದ್ದರಿಂದ, ಮಾನ್ಯ ಶ್ರೋತೃಗಳೇ, ನನ್ನ ಧರ್ಮಪತ್ನಿಯವರಲ್ಲಿ ನಾನು...” ಅಂದೆ.

ಟಿಂಗ್!

“ಆರು ನಿಮಿಷ ಆತು ಮೇಷ್ಟ್ರೇ,” ಅಂದ ನಾಗರಾಜ, ಬಹಳ ವಿನಯದಿಂದ.

“ಕ್ಷಮೆ ಈಗ ಬರ್ತದೆ ಕಣೋ!”

“ಮುಂದಿನ ತಿಂಗಳು ಬರ್ಲಿ.”

ಗಿರಣಿಯ ತಗಡು ಹಾರುವ ಹಾಗೆ ಚಪ್ಪಾಳೆ. ಅವನಿಗೆ!

ಮನೆಗೆ ಹೊರಟಾಗ ಸ್ಕೂಟರಿನ ಹಿಂದೆ ಕೂತಿದ್ದ ಜಲಜಳಿಗೆ ಮೆಲ್ಲಗೆ “ತಪ್ಪಾಯ್ತು” ಅಂದೆ.

“ಎಂತ ಅಂದ್ರಿ? ಹೆಲ್ಮೆಟ್ಟು, ಕೇಳ್ಲಿಲ್ಲ.”

“ತಪ್ಪಾಯ್ತು ಅಂದೆ!”

“ಆಂ?”

ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ ಕೂಗಿದೆ: “ತಪ್ಪಾಯ್ತು ಮಾರಾಯ್ತಿ! ನಿನ್ನ ಹಾಡು ನಿಲ್ಲಿಸ್ಬಾರ್ದಿತ್ತು!”

ಚಾ ಅಂಗಡಿಯ ಮುಂದೆ ನಿಂತವರೆಲ್ಲ ಲೋಟ ಹಿಡಿದುಕೊಂಡೇ ತಿರುಗಿದರು. ಜಲಜ ನಿಧಾನವಾಗಿ ಹೆಲ್ಮೆಟ್ ತೆಗೆದಳು.

“ಇಷ್ಟೇನಾ? ಇಷ್ಟು ಹೇಳಕ್ಕೆ ಮೂರು ಪುಟ ಬರ್ಕೊಂಡು ಹೋಗಿದ್ರಾ?”

ಮುಂದೆ ತಿರುಗಿ ಕಿಕ್ ಹೊಡೆದೆ. ಸ್ಕೂಟರೂ ಅವಳ ಪಕ್ಷವೇ! ಹತ್ತು ಸಲ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಮನೆಯವರೆಗೂ ತಳ್ಳಿಕೊಂಡು ಹೋದೆ.

ಅವಳು ಆಟೋದಲ್ಲಿ ಹೋದಳು.