ಮದಿಮೆಯ ಕೀ, ಬೊಜ್ಜದ ಕೀ

ಮದುಮಗನ ಹೆಸರಿನಲ್ಲಿ ಉತ್ತರಕ್ರಿಯೆಯ ಕಾಗದ ಅಚ್ಚಾದದ್ದು ಕಂಪ್ಯೂಟರ್ ಕೆಟ್ಟದ್ದರಿಂದಲ್ಲ. ನನ್ನ ತಮ್ಮ ಕುಟ್ಟಿದ ಕೀ ತಪ್ಪು. ಇಲಿಗೆ ಹೆದರದೆ ಮೌಸಿಗೆ ಹೆದರುವ ಗಂಡಸು ಮಂಗಳೂರಿನಲ್ಲಿ ಅವನೊಬ್ಬನೇ ಇರಬೇಕು.

ಕೊಟ್ಟಾರದಲ್ಲಿ ಅವನದೊಂದು ಟೈಪಿಂಗ್ ಅಂಗಡಿ. ಕಾವೂರಿನ ಮನೆಯಿಂದ ಮಧ್ಯಾಹ್ನದ ಬುತ್ತಿ ಕೊಂಡುಹೋಗುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಅವನು ಮೌಸನ್ನು ಡ್ರಾಯರಿಗೆ ಹಾಕಿ ಬೀಗ ಜಡಿದ. ಆಮೇಲೆ ಎಲ್ಲವೂ ಕೀಗಳಲ್ಲೇ. ಎರಡು ಕೀ ಒತ್ತಿ ಹಿಡಿದು ಒಂದು ಅಕ್ಷರ ಕುಟ್ಟಿದರೆ ಬೇಕಾದ ಫೈಲ್ ತಾನೇ ತೆರೆಯುತ್ತದೆ, ಹೆಸರು ಹಾಕಿದರೆ ತಾನೇ ಅಚ್ಚಾಗಿ ಹೊರಬರುತ್ತದೆ. ಅದಕ್ಕೆ ಮ್ಯಾಕ್ರೋ ಎನ್ನುತ್ತಾರಂತೆ. ನನಗೆ ಮಕ್ಕರ್ ಎಂದು ಕೇಳಿಸಿತು. ತುಳುವಿನಲ್ಲಿ ಮಕ್ಕರ್ ಎಂದರೆ ತಮಾಷೆ. ತಪ್ಪೇನು ಕೇಳಿಸಿತು?

ಪರದೆಯಲ್ಲಿ ಒಂದೊಂದು ಅಕ್ಷರವೂ ತೆಂಗಿನಕಾಯಿಯಷ್ಟು. ಒಮ್ಮೆಗೆ ಎರಡೇ ಶಬ್ದ ಹಿಡಿಯುತ್ತದೆ.

"ಇದೆಂತ, ಬಸ್ಸಿನ ಬೋರ್ಡಾ?"

"ಕೆಲಸ ಎದ್ದು ಕಾಣ್ಬೇಕಲ್ಲ ಅಕ್ಕ."

ಅಕ್ಷರಗಳನ್ನು ಹಂಚಿದ್ದು ತುಳುವಿನ ಲೆಕ್ಕದಲ್ಲಿ. ಎಂ ಎಂದರೆ ಮದಿಮೆ, ಮದುವೆಯ ಕಾಗದ. ಬಿ ಎಂದರೆ ಬೊಜ್ಜ, ಉತ್ತರಕ್ರಿಯೆಯದ್ದು. ಎರಡನ್ನೂ ಮುಟ್ಟಿ ತೋರಿಸಿದ.

"ಎರಡೂ ಹತ್ರ ಹತ್ರ ಉಂಟಲ್ಲ ಮಾರಾಯ?"

"ನಡುವೆ ಎನ್ ಉಂಟು ಅಕ್ಕ. ನಾಮಕರಣ."

ಮದುವೆ, ನಾಮಕರಣ, ಬೊಜ್ಜ. ಸಾಲು ಸರಿಯಾಗಿಯೇ ಇತ್ತು.

ಮೊನ್ನೆ ಬೈಕಂಪಾಡಿಯಿಂದ ಒಬ್ಬರು ಮಗನ ಮದುವೆ ಕಾಗದ ಮಾಡಿಸಲು ಬಂದರು. ಮದುಮಗನ ಹೆಸರು ಕೇಳಿ ತಮ್ಮ ಪಟಪಟ ಕುಟ್ಟಿದ. ಹೊರಬಂದ ಹಾಳೆಯನ್ನು ಓದಿದವರೇ ಅವರು ಸ್ಟೂಲಿನಿಂದ ಎದ್ದರು.

"ಎಂತ ಮಾರಾಯ್ರೆ ಇದು? ಮಗನಿಗೆ ಹುಡುಗಿ ಸಿಗ್ಲಿಕ್ಕೇ ನಾಲ್ಕು ವರ್ಷ ಹೋಯ್ತು. ನೀವು ಅವನ ಬೊಜ್ಜವೇ ಮುಗಿಸಿದ್ರಾ?"

"ಕಂಪ್ಯೂಟರ್ ಸ್ವಲ್ಪ ಹಾಳಾಗಿದೆ," ಎಂದ ತಮ್ಮ.

"ನಾಳೆ ಬೆಳಿಗ್ಗೆ ಬರ್ತೇನೆ. ಆಗ್ಲೂ ಹೀಗಾದ್ರೆ ಬೇರೆ ಅಂಗಡಿ ಉಂಟು."

ಅವರು ಹೋದ ಮೇಲೆ ಹಾಳೆಯನ್ನು ತಮ್ಮನ ಕೈಗೆ ಕೊಟ್ಟು, ಓದು ಎಂದೆ. ಮೂಗಿನ ಹತ್ತಿರ ಹಿಡಿದು, "ಇಂಕ್ ಸ್ವಲ್ಪ ತೆಳು," ಎಂದ.

ಹಾಳೆ ತಲೆಕೆಳಗಾಗಿತ್ತು.

"ಯಾವಾಗಿನಿಂದ?" ಎಂದು ಕೇಳಿದೆ.

"ಮೌಸಿನ ಬಾಣ ಕಾಣದೆ ಎರಡು ವರ್ಷ ಆಯ್ತು. ಇದ್ದಷ್ಟು ಉಳಿಸಿಕೊಳ್ಳಿ ಅಂದಿದ್ದಾರೆ ಡಾಕ್ಟ್ರು. ಯಾರಿಗೂ ಹೇಳ್ಬೇಡ ಅಕ್ಕ. ಕಣ್ಣು ಕಾಣದವನ ಹತ್ರ ಯಾರು ಟೈಪ್ ಮಾಡಿಸ್ತಾರೆ?"

"ನನ್ನ ಹತ್ರ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀನು ಬೈತಿ ಅಂತ."

ಬೈಯುತ್ತಿದ್ದೆ, ಸುಳ್ಳಲ್ಲ. ಆವತ್ತು ಬೈಯಲಿಲ್ಲ. ಬುತ್ತಿ ಬಿಚ್ಚಿ, ಮೀನಿನ ಮುಳ್ಳು ತೆಗೆದು, ಅನ್ನ ಅವನ ಮುಂದಿಟ್ಟೆ.

ಮರುದಿನ ಬೆಳಿಗ್ಗೆ ಅವನಿಗಿಂತ ಮೊದಲೇ ಹೋಗಿ ಅಂಗಡಿಯ ಬಾಗಿಲು ತೆಗೆದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕನ್ನಡ ಓದುತ್ತೇನೆ, ಇಂಗ್ಲಿಷ್ ಬಾರದು. ಮೊಮ್ಮಗಳು ಬರೆದುಕೊಟ್ಟ ಚೀಟಿ ನೋಡಿ ನೋಡಿ ಎಂ ಹುಡುಕಿದೆ. ಅವಳ ಬಿಂದಿ ಡಬ್ಬಿಯಿಂದ ತಂದ ಕಲ್ಲಿನ ಬೊಟ್ಟನ್ನು ಬೆರಳಿಗೆ ತಾಗುವ ಹಾಗೆ ಮದಿಮೆಯ ಕೀಗೆ ಒತ್ತಿ ಅಂಟಿಸಿದೆ. ಬೊಜ್ಜದ ಕೀಯನ್ನು ಬೋಳು ಬಿಟ್ಟೆ. ಆಮೇಲೆ ಪ್ರಿಂಟರಿನ ಎದುರು ಸ್ಟೂಲು ಎಳೆದು, ಕನ್ನಡಕ ಹಾಕಿಕೊಂಡು ಕೂತೆ.